ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಸ್ಲೀವೋ, ಬೈಪಾಸೋ?



ನಮ್ಮ ಸಂವಾದ ಕಾರ್ಯಕ್ರಮದಲ್ಲಿ ಸ್ಥೂಲಕಾಯದ ವಿಷಯ ಚರ್ಚೆಯಾದ ದಿನ ಕೊನೆಯ ದೂರವಾಣಿ ಕರೆ ಬಂದದ್ದು ಮಂಗಳೂರಿನ ಕದ್ರಿಯಿಂದ. ಮಾತನಾಡಿದವಳು ಬಿ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ. "ಸರ್, ನಮ್ಮ ಅಮ್ಮನಿಗೆ 46 ವರ್ಷ. 96 ಕಿಲೋ ತೂಕ ಇದ್ದಾರೆ. ಶುಗರ್ ಉಂಟು, ಮೊಣಗಂಟು ನೋವು ಉಂಟು. ಒಬ್ಬರು ಡಾಕ್ಟ್ರು ಸ್ಲೀವ್ ಮಾಡಿಸಿ ಅಂತ ಹೇಳಿದ್ರು. ಇನ್ನೊಬ್ಬರು ಬೈಪಾಸ್ ಒಳ್ಳೆಯದು ಅಂತ ಹೇಳ್ತಾರೆ. ನಾವು ಯಾವುದು ಮಾಡಿಸುದು?" ಎಂದು ಕೇಳಿದಳು. ಪ್ರಸಾರ ಮುಗಿಯಲು ಒಂದೂವರೆ ನಿಮಿಷ ಉಳಿದಿತ್ತು. ಸ್ಟುಡಿಯೋದಲ್ಲಿದ್ದ ತಜ್ಞರು, "ನಿಮ್ಮ ವೈದ್ಯರ ಸಲಹೆಯಂತೆ ನಡೆದುಕೊಳ್ಳಿ" ಎಂದರು. ಮುಗಿಸಿ ಎಂದು ಗಾಜಿನ ಆಚೆಯಿಂದ ಕೈಸನ್ನೆ ಮಾಡಿದವನು ನಾನೇ. ಆ ಹುಡುಗಿಯ ತೊಂದರೆಯೇ ಇಬ್ಬರು ವೈದ್ಯರು ಎರಡು ಬಗೆಯ ಸಲಹೆ ಕೊಟ್ಟಿದ್ದಾರೆ ಎಂಬುದಾಗಿತ್ತು ಎಂದು ನನಗೆ ಹೊಳೆದದ್ದು ಆಮೇಲೆ.

ನನ್ನ ತಾಯಿಯ ಮನೆ ಇರುವುದೂ ಕದ್ರಿ ಕಂಬಳದ ಹತ್ತಿರ. ಮುಂದಿನ ಸಲ ಊರಿಗೆ ಹೋದಾಗ ಫೋನು ಮಾಡಿ, ಒಪ್ಪಿಗೆ ಪಡೆದು, ಅವರ ಮನೆಗೆ ಹೋದೆ. ನಾನು ವೈದ್ಯನಲ್ಲ, ವಿಜ್ಞಾನದ ಪದವಿ ಪಡೆದು ಕ್ಯಾಮೆರಾದ ಹಿಂದೆ ಸೇರಿಕೊಂಡವನು. ಯಾವುದನ್ನು ಮಾಡಿಸಬೇಕು ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಈ ಎರಡು ಶಸ್ತ್ರಚಿಕಿತ್ಸೆಗಳು ದೇಹದೊಳಗೆ ಏನು ಮಾಡುತ್ತವೆ, ಆಯ್ಕೆ ಯಾವ ಅಂಶಗಳ ಮೇಲೆ ನಿಂತಿದೆ ಎಂಬುದನ್ನು ಎರಡನೆಯ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿನಿಗೆ ವಿವರಿಸಬಹುದು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ತೂಕವನ್ನು ಕಿಲೋಗ್ರಾಂಗಳಲ್ಲಿ ಬರೆದು, ಎತ್ತರವನ್ನು ಮೀಟರುಗಳಲ್ಲಿ ಅಳೆದು, ಎತ್ತರದ ವರ್ಗದಿಂದ ತೂಕವನ್ನು ಭಾಗಿಸಿದರೆ ಬರುವುದೇ ದೇಹತೂಕ ಸೂಚ್ಯಂಕ. ಆ ತಾಯಿಯ ಎತ್ತರ 160 ಸೆಂ.ಮೀ., ಅಂದರೆ 1.6 ಮೀಟರು. ಅದರ ವರ್ಗ 2.56. 96ನ್ನು 2.56ರಿಂದ ಭಾಗಿಸಿದರೆ 37.5. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1991ರಲ್ಲಿ ಹಾಕಿದ ಗೆರೆಯ ಪ್ರಕಾರ ಸೂಚ್ಯಂಕ 40 ದಾಟಿದವರು, ಇಲ್ಲವೆ 35 ದಾಟಿ ಜೊತೆಗೆ ಮಧುಮೇಹದಂತಹ ಕಾಯಿಲೆ ಇರುವವರು ಮಾತ್ರ ಈ ಶಸ್ತ್ರಚಿಕಿತ್ಸೆಗೆ ಅರ್ಹರಾಗಿದ್ದರು. ನಮ್ಮ ಜನರಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಸುತ್ತ ಕೊಬ್ಬು ಸೇರಿಕೊಂಡು ಸಕ್ಕರೆ ಕಾಯಿಲೆ ಬರುತ್ತದೆ. ಇದನ್ನು ಗಮನಿಸಿ 2022ರಲ್ಲಿ ಈ ಕ್ಷೇತ್ರದ ಎರಡು ಪ್ರಮುಖ ಶಸ್ತ್ರಚಿಕಿತ್ಸಕರ ಸಂಘಗಳು ಗೆರೆಯನ್ನು ಸಾಮಾನ್ಯವಾಗಿ 35ಕ್ಕೆ, ಏಷ್ಯಾದವರಿಗೆ 27.5ಕ್ಕೆ ಇಳಿಸಿದವು. ಭಾರತದ ವಿಮೆಯ ನಿಯಮಗಳು ಮಾತ್ರ ಇನ್ನೂ ಹಳೆಯ ಲೆಕ್ಕದ ಹತ್ತಿರವೇ ಇವೆ: 18 ವರ್ಷ ತುಂಬಿರಬೇಕು, ಸೂಚ್ಯಂಕ 40 ಇರಬೇಕು, ಇಲ್ಲವೆ 35 ಇದ್ದು ಹತೋಟಿಗೆ ಬಾರದ ಮಧುಮೇಹ, ಹೃದಯದ ತೊಂದರೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ಕಾಯಿಲೆ ಇಂಥವು ಇರಬೇಕು, ಬೇರೆ ಉಪಾಯಗಳು ಸೋತಿರಬೇಕು. ವೈದ್ಯರು ಒಪ್ಪಿದ ಮಾತ್ರಕ್ಕೆ ವಿಮೆ ಒಪ್ಪಿತು ಎಂದುಕೊಳ್ಳಬಾರದು.

ಇನ್ನು ಜಠರದ ಮಾತು. ಊಟ ಮಾಡಿದಾಗ ಒಂದು ಲೀಟರಿಗಿಂತ ಹೆಚ್ಚು ಹಿಗ್ಗಬಲ್ಲ ಮಾಂಸದ ಚೀಲ ಅದು. ಮೇಲೆ ಅನ್ನನಾಳ, ಕೆಳಗೆ ಸುಮಾರು ಆರು ಮೀಟರು ಉದ್ದದ ಸಣ್ಣ ಕರುಳು. ಎರಡೂ ಕಡೆ ಬಿಗಿಯುವ ಸ್ನಾಯುಗಳಿವೆ. ಮೇಲಿನ ಸ್ನಾಯು ಸಡಿಲವಾದರೆ ಆಮ್ಲ ಅನ್ನನಾಳಕ್ಕೆ ಏರುತ್ತದೆ. ಅದೇ ಎದೆಯುರಿ, ಹುಳಿತೇಗು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸ್ಲೀವ್ ಎಂದರೆ ಅಂಗಿಯ ತೋಳು. ಈ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯ ಮೇಲೆ ಸಣ್ಣ ಸಣ್ಣ ತೂತುಗಳನ್ನು ಮಾಡಿ, ಒಳಗೆ ಕ್ಯಾಮೆರಾ ಇಳಿಸಿ, ಜಠರವನ್ನು ಉದ್ದಕ್ಕೆ ಕತ್ತರಿಸುತ್ತಾರೆ. ಕತ್ತರಿಸುವ ಉಪಕರಣವೇ ಅಂಚಿಗೆ ಸಣ್ಣ ಲೋಹದ ಪಿನ್ನುಗಳನ್ನು ಹೊಡೆದು ಮುಚ್ಚುತ್ತದೆ. ನೂರರಲ್ಲಿ 75ರಿಂದ 80 ಪಾಲು ಜಠರ ಹೊರಗೆ ಬರುತ್ತದೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಕಿರಿದಾದ ಕೊಳವೆ. ಕರುಳನ್ನು ಮುಟ್ಟುವುದಿಲ್ಲ. ತೆಗೆದುಹಾಕಿದ ಭಾಗವನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಸ್ವಾರಸ್ಯವೆಂದರೆ, ಇದು ಮೊದಲು ಸ್ವತಂತ್ರ ಚಿಕಿತ್ಸೆಯೇ ಆಗಿರಲಿಲ್ಲ. ಬಹಳ ಭಾರದ ರೋಗಿಗಳಿಗೆ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಒಂದೇ ದಿನ ಮಾಡುವುದು ಅಪಾಯವೆಂದು 2000ದ ಸುಮಾರಿಗೆ ಅದನ್ನು ಎರಡು ಕಂತು ಮಾಡಿದರು. ಮೊದಲ ಕಂತು ಈ ಸ್ಲೀವ್. ಅಷ್ಟರಲ್ಲೇ ಹಲವರ ತೂಕ ಸಾಕಷ್ಟು ಇಳಿದು ಎರಡನೆಯ ಕಂತು ಬೇಡವಾಯಿತು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುವುದು ಇದೇ.

ಬೈಪಾಸ್ ಇದಕ್ಕಿಂತ ಹಳೆಯದು. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಹುಣ್ಣಿನ ಕಾರಣಕ್ಕಾಗಿ ಜಠರದ ಭಾಗ ತೆಗೆಸಿಕೊಂಡವರ ತೂಕ ಇಳಿಯುವುದನ್ನು ಗಮನಿಸಿ, 1966ರಲ್ಲಿ ಸ್ಥೂಲಕಾಯರಿಗೆ ಇದನ್ನು ಮಾಡಿದರು. ಇಂದಿನ ರೂಪದಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲವನ್ನು ಬೇರೆ ಮಾಡುತ್ತಾರೆ. ಅಂದರೆ ಎರಡು ದೊಡ್ಡ ಚಮಚದಷ್ಟು. ಸಣ್ಣ ಕರುಳನ್ನು ಕತ್ತರಿಸಿ ಅದರ ಕೆಳಗಿನ ತುದಿಯನ್ನು ಮೇಲೆತ್ತಿ ಈ ಚೀಲಕ್ಕೆ ಹೊಲಿಯುತ್ತಾರೆ. ಉಳಿದ ದೊಡ್ಡ ಜಠರ ಹೊಟ್ಟೆಯೊಳಗೇ ಇರುತ್ತದೆ. ಅನ್ನ ಮಾತ್ರ ಅಲ್ಲಿಗೆ ಹೋಗುವುದಿಲ್ಲ. ಅಲ್ಲಿನ ಜೀರ್ಣರಸಗಳೂ ಪಿತ್ತರಸವೂ ಬೇರೆ ದಾರಿಯಲ್ಲಿ ಇಳಿದು ಕೆಳಗೆ ಅನ್ನವನ್ನು ಕೂಡಿಕೊಳ್ಳುತ್ತವೆ. ಚಿತ್ರ ಬರೆದರೆ ಇಂಗ್ಲಿಷಿನ ವೈ ಅಕ್ಷರ. ಆ ಜೋಡಣೆಯ ವಿಧಾನಕ್ಕೆ ಸ್ವಿಟ್ಜರ್ಲೆಂಡಿನ ಸೇಸಾರ್ ರೂ ಎಂಬ ಶಸ್ತ್ರಚಿಕಿತ್ಸಕರ ಹೆಸರಿದೆ. ಹುಡುಗಿ ಇದನ್ನು ತನ್ನ ನೋಟ್ ಪುಸ್ತಕದಲ್ಲಿ ನನಗಿಂತ ಚೆನ್ನಾಗಿ ಬರೆದಳು. ನೀವೂ ಒಮ್ಮೆ ಬರೆದು ನೋಡಿ. ಬರೆಯದೆ ಇದು ತಲೆಗೆ ಹತ್ತುವುದಿಲ್ಲ.

ಇದರ ತಮ್ಮ ಎನ್ನಬಹುದಾದ ಇನ್ನೊಂದು ಬಗೆ ಇದೆ. ಎರಡು ಹೊಲಿಗೆಯ ಬದಲು ಒಂದೇ ಹೊಲಿಗೆ. ಇದಕ್ಕೆ ಮಿನಿ ಬೈಪಾಸ್ ಎಂಬ ಹೆಸರು ರೂಢಿಯಲ್ಲಿದೆ. 1997ರಲ್ಲಿ ಅಮೆರಿಕದಲ್ಲಿ ಆರಂಭವಾದ ಇದು ನಮ್ಮ ದೇಶದಲ್ಲಿಯೂ ನಡೆಯುತ್ತದೆ. ಹೆಸರಿನಲ್ಲಿ 'ಮಿನಿ' ಇದ್ದರೂ ಕರುಳಿನ ಸುಮಾರು ಒಂದೂವರೆಯಿಂದ ಎರಡು ಮೀಟರು ದಾರಿ ತಪ್ಪಿಹೋಗುತ್ತದೆ. ಪಿತ್ತರಸ ಮೇಲೇರುವ ಸಾಧ್ಯತೆಯನ್ನು, ಪೋಷಕಾಂಶಗಳ ಕೊರತೆಯನ್ನು ಗಮನದಲ್ಲಿಡಬೇಕು. ಜಠರದ ಕುತ್ತಿಗೆಗೆ ಪಟ್ಟಿ ಕಟ್ಟುವ ವಿಧಾನ ಒಂದು ಕಾಲಕ್ಕೆ ಹೊರದೇಶಗಳಲ್ಲಿ ಬಹಳ ಜನಪ್ರಿಯವಾಗಿತ್ತು. ಪಟ್ಟಿ ಜಾರುವುದು, ಗೋಡೆ ಕೊರೆಯುವುದು ಮುಂತಾದ ಕಾರಣಗಳಿಂದ ಈಗ ಬಹುಮಟ್ಟಿಗೆ ಹಿಂದೆ ಸರಿದಿದೆ. ಜಠರದೊಳಗೆ ಇಡುವ ಬಲೂನು ತಾತ್ಕಾಲಿಕ.

ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ ಈ ಪಟ್ಟಿಗೆ ಸೇರುವುದೇ ಇಲ್ಲ. ಅದು ಚರ್ಮದ ಕೆಳಗಿನ ಕೊಬ್ಬನ್ನು ಆಯ್ದ ಜಾಗದಿಂದ ತೆಗೆದು ಆಕಾರ ತಿದ್ದುವ ಚಿಕಿತ್ಸೆ. ಹಸಿವೆ, ಸಕ್ಕರೆ, ಜೀರ್ಣಕ್ರಿಯೆ ಯಾವುದೂ ಅದರಿಂದ ಬದಲಾಗುವುದಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ಆಕೆಗೆ ಬರಿಯ 21 ವರ್ಷ. ಆಗ ಎಷ್ಟೋ ಜನ ಎರಡನ್ನೂ ಒಂದೇ ಎಂದು ತಿಳಿದು ಮಾತನಾಡಿದರು. ಕ್ಯಾಮೆರಾದ ಮುಂದೆ ನಿಲ್ಲುವ ಹುಡುಗಿಯರಿಗೆ "ಸ್ವಲ್ಪ ದಪ್ಪ ಕಾಣಿಸ್ತೀಯಮ್ಮ" ಎಂದು ಹೇಳುವ ಅಭ್ಯಾಸ ನಮ್ಮ ಉದ್ಯೋಗದಲ್ಲಿದೆ. ನಾನೂ ಹೇಳಿದ್ದೇನೆ. ಈಗ ಹೇಳುವುದಿಲ್ಲ.

ಜಠರ ಚಿಕ್ಕದಾದರೆ ಕಡಿಮೆ ತಿನ್ನುತ್ತೇವೆ, ಆದ್ದರಿಂದ ತೂಕ ಇಳಿಯುತ್ತದೆ ಎಂಬ ವಿವರಣೆ ಅರ್ಧ ಮಾತ್ರ ನಿಜ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಗ್ರೆಲಿನ್ ಎಂಬ ಹಾರ್ಮೋನನ್ನು ಗುರುತಿಸಿದರು. ಹಸಿವೆಯನ್ನು ಕೆರಳಿಸುವ ಇದು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದ ಉಬ್ಬಿನಲ್ಲಿ. ಸ್ಲೀವ್‌ನಲ್ಲಿ ಆ ಉಬ್ಬೇ ಹೊರಟುಹೋಗುತ್ತದೆ. ಎರಡೂ ಬಗೆಯಲ್ಲಿ, ವಿಶೇಷವಾಗಿ ಬೈಪಾಸಿನಲ್ಲಿ, ಅನ್ನ ಬೇಗನೆ ಕರುಳಿನ ಕೆಳಭಾಗ ಮುಟ್ಟುವುದರಿಂದ ಜಿ.ಎಲ್.ಪಿ.-1 ಎಂಬ ಇನ್ನೊಂದು ಹಾರ್ಮೋನು ಹೆಚ್ಚು ಸ್ರವಿಸುತ್ತದೆ. ಅದು ಇನ್ಸುಲಿನ್ನಿಗೆ ಸಹಾಯಕ, ಹೊಟ್ಟೆ ತುಂಬಿತೆಂದು ಮಿದುಳಿಗೆ ಹೇಳುವ ದೂತ. ತೂಕ ಪೂರ್ತಿ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆಯ ಮಟ್ಟ ಇಳಿಯುವುದುಂಟು. ಬೈಪಾಸ್ ಮಾಡಿಸಿಕೊಂಡ ಮಧುಮೇಹಿಗಳಲ್ಲಿ ನೂರಕ್ಕೆ ಸುಮಾರು 83 ಮಂದಿಯ ಸಕ್ಕರೆ ಸಹಜ ಮಟ್ಟಕ್ಕೆ ಬಂದಿತೆಂದು ಅಮೆರಿಕದ ವಾಲ್ಟರ್ ಪೋರೀಸ್ 1995ರಲ್ಲಿ ವರದಿ ಮಾಡಿದಾಗ ವೈದ್ಯಲೋಕ ಬೆರಗಾಯಿತು. ಆಮೇಲಿನ ಅಧ್ಯಯನಗಳು ಅಷ್ಟು ಉದಾರವಾಗಿಲ್ಲ. ಕಾಯಿಲೆ ಹಳೆಯದಾಗಿದ್ದು ಇನ್ಸುಲಿನ್ ಚುಚ್ಚುಮದ್ದು ಆರಂಭವಾಗಿದ್ದರೆ ಪೂರ್ಣ ಬಿಡುಗಡೆಯ ಸಾಧ್ಯತೆ ಕಡಿಮೆ. ಕದ್ರಿಯ ತಾಯಿಗೆ ಮಧುಮೇಹ ಬಂದು ಒಂಬತ್ತು ವರ್ಷ, ಇನ್ಸುಲಿನ್ ಆರಂಭವಾಗಿ ಒಂದು ವರ್ಷ. ಎರಡನೆಯ ವೈದ್ಯರು ಬೈಪಾಸ್ ಎಂದದ್ದು ಈ ಸಕ್ಕರೆಯನ್ನು ನೋಡಿಯೇ.

"ಆದರೆ ಜಾಸ್ತಿ ತೂಕ ಇಳಿಯುದು ಯಾವುದರಲ್ಲಿ?" ಎಂದು ಹುಡುಗಿ ಕೇಳಿದಳು. ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಉತ್ತರಕ್ಕೆ ಫಿನ್ಲೆಂಡಿನಲ್ಲಿ ನಡೆದ ಒಂದು ಅಧ್ಯಯನ ಚೆನ್ನಾಗಿ ಒದಗುತ್ತದೆ. 240 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಸ್ಲೀವ್, ಇನ್ನೊಂದಕ್ಕೆ ಬೈಪಾಸ್ ಮಾಡಿದರು. ಹತ್ತು ವರ್ಷಗಳ ನಂತರದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಇರಬೇಕಾದುದಕ್ಕಿಂತ ಹೆಚ್ಚಾಗಿದ್ದ ತೂಕದಲ್ಲಿ ಸ್ಲೀವ್ ಗುಂಪಿನವರು ನೂರಕ್ಕೆ ಸುಮಾರು 44 ಪಾಲನ್ನೂ ಬೈಪಾಸ್ ಗುಂಪಿನವರು ಸುಮಾರು 51 ಪಾಲನ್ನೂ ಕಳೆದುಕೊಂಡಿದ್ದರು. ಇದನ್ನು ಆ ತಾಯಿಯ ತೂಕಕ್ಕೆ ಹಾಕಿ ನೋಡೋಣ. 160 ಸೆಂ.ಮೀ. ಎತ್ತರಕ್ಕೆ ಸೂಚ್ಯಂಕ 25 ಎಂದರೆ 64 ಕಿಲೋ. ಹೆಚ್ಚುವರಿ ತೂಕ 32 ಕಿಲೋ. ಅದರ 44 ಪಾಲು 14 ಕಿಲೋ, 51 ಪಾಲು 16 ಕಿಲೋಗಿಂತ ತುಸು ಹೆಚ್ಚು. ಮೊದಲ ಒಂದೆರಡು ವರ್ಷ ಇದಕ್ಕಿಂತ ಹೆಚ್ಚು ಇಳಿಯುತ್ತದೆ, ಆಮೇಲೆ ಸ್ವಲ್ಪ ಹಿಂದಕ್ಕೆ ಬರುತ್ತದೆ. ಇದು ಸರಾಸರಿಯ ಲೆಕ್ಕ, ಒಬ್ಬೊಬ್ಬರದು ಬೇರೆ ಬೇರೆ. ಆದರೂ ಹತ್ತು ವರ್ಷಗಳ ಕೊನೆಗೆ ಎರಡು ಚಿಕಿತ್ಸೆಗಳ ನಡುವಿನ ವ್ಯತ್ಯಾಸ ಸುಮಾರು ಎರಡು ಕಿಲೋ!

ಅದೇ ಅಧ್ಯಯನದ ಇನ್ನೊಂದು ಸಂಖ್ಯೆಯನ್ನು ನೋಡಿ. ಹತ್ತು ವರ್ಷಗಳ ನಂತರ ಎಂಡೋಸ್ಕೋಪಿ ಮಾಡಿದಾಗ ಆಮ್ಲದಿಂದ ಅನ್ನನಾಳ ಉರಿದು ಕೆಂಪಾಗಿದ್ದವರು ಸ್ಲೀವ್ ಗುಂಪಿನಲ್ಲಿ ನೂರಕ್ಕೆ 31, ಬೈಪಾಸ್ ಗುಂಪಿನಲ್ಲಿ 7. ಕಾರಣ ಸುಲಭ. ಸ್ಲೀವ್‌ನಲ್ಲಿ ಉಳಿಯುವುದು ಕಿರಿದಾದ, ಹಿಗ್ಗದ ಕೊಳವೆ. ಒಳಗಿನ ಒತ್ತಡ ಹೆಚ್ಚು. ಆಮ್ಲಕ್ಕೆ ಮೇಲಕ್ಕೆ ನುಗ್ಗುವುದು ಸುಲಭವಾಗುತ್ತದೆ. ಬೈಪಾಸಿನ ಪುಟ್ಟ ಚೀಲದಲ್ಲಿ ಆಮ್ಲವೇ ಕಡಿಮೆ.

ಇದನ್ನು ಹೇಳುತ್ತಿದ್ದಾಗ ನನ್ನ ಕಣ್ಣು ಕಿಟಕಿಯ ಮೇಲಿದ್ದ ಗುಲಾಬಿ ಬಣ್ಣದ ಔಷಧದ ಬಾಟಲಿಯ ಮೇಲೆ ಬಿತ್ತು.

"ಅಕ್ಕ, ನಿಮಗೆ ಎದೆಯುರಿ ಉಂಟಾ?"

"ಎದೆಯುರಿ ಅಲ್ಲ ಮಾರಾಯ್ರೆ, ಅದು ಗ್ಯಾಸ್. ರಾತ್ರಿ ಊಟ ಆದ ಮೇಲೆ ಎರಡು ಮುಚ್ಚಳ ಕುಡಿದ್ರೆ ಸರಿಯಾಗ್ತದೆ."

"ಎಷ್ಟು ಸಮಯದಿಂದ?"

"ಐದಾರು ವರ್ಷ ಆಯ್ತು. ಮಲಗಿದ್ರೆ ಹುಳಿ ನೀರು ಗಂಟಲಿಗೆ ಬರ್ತದೆ. ಅದಕ್ಕೆ ಎರಡು ತಲೆದಿಂಬು ಇಟ್ಟು ಮಲಗುದು."

"ಡಾಕ್ಟ್ರಿಗೆ ಹೇಳಿದ್ರಾ?"

"ಗ್ಯಾಸ್ ಯಾರಿಗಿಲ್ಲ! ಅದನ್ನೆಲ್ಲ ಡಾಕ್ಟ್ರಿಗೆ ಹೇಳ್ಲಿಕ್ಕುಂಟಾ?"

ಹುಡುಗಿ ಪೆನ್ನು ಕೆಳಗಿಟ್ಟು ತಾಯಿಯನ್ನೇ ನೋಡಿದಳು. ಸ್ಲೀವ್ ಎಂದ ವೈದ್ಯರಿಗೆ ಈ ಮಾತು ಗೊತ್ತೇ ಇರಲಿಲ್ಲ. "ಗ್ಯಾಸ್" ಎಂಬ ಒಂದು ಶಬ್ದದೊಳಗೆ ನಮ್ಮ ಜನ ಅಜೀರ್ಣ, ಎದೆಯುರಿ, ಪಿತ್ತಕೋಶದ ಕಲ್ಲು, ಕೆಲವೊಮ್ಮೆ ಹೃದಯಾಘಾತವನ್ನೂ ತುಂಬಿಸಿಬಿಡುತ್ತಾರೆ. ಮೊದಲೇ ಆಮ್ಲದ ತೊಂದರೆ ಇರುವವರಿಗೆ, ಅನ್ನನಾಳ ಈಗಾಗಲೇ ಕೆಟ್ಟಿರುವವರಿಗೆ ತಜ್ಞರು ಸಾಮಾನ್ಯವಾಗಿ ಸ್ಲೀವ್‌ಗಿಂತ ಬೈಪಾಸನ್ನು ಮುಂದಿಡುತ್ತಾರೆ. ಎಂಡೋಸ್ಕೋಪಿ ಮಾಡದೆ ಇದು ತಿಳಿಯುವುದಿಲ್ಲ.

ಹಾಗಾದರೆ ಬೈಪಾಸ್ ಎಂದು ತೀರ್ಮಾನಿಸಿಬಿಡಬಹುದೇ? ಇಲ್ಲಿಯೂ ಒಂದು ತೊಡಕು ಇತ್ತು. ಮೊಣಗಂಟಿನ ನೋವಿಗೆ ಆಕೆ ದಿನವೂ ಅಂಗಡಿಯಿಂದ ತಂದ ನೋವಿನ ಮಾತ್ರೆ ನುಂಗುತ್ತಿದ್ದರು. ಕದ್ರಿ ಮಂಜುನಾಥನ ಗುಡಿಯ ಹಿಂದಿನ ಮೆಟ್ಟಿಲು ಹತ್ತಿ ಕೆರೆಗಳ ತನಕ ಹೋಗಿ ನಾಲ್ಕು ವರ್ಷವಾಯಿತಂತೆ. ಬೈಪಾಸ್ ಆದವರು ಇಂತಹ ಮಾತ್ರೆಗಳನ್ನು ತೆಗೆದುಕೊಂಡರೆ ಹೊಸ ಹೊಲಿಗೆಯ ಜಾಗದಲ್ಲಿ ಹುಣ್ಣಾಗಬಹುದು; ಆ ಹುಣ್ಣು ರಕ್ತ ಸುರಿಸಬಹುದು, ತೂತೂ ಬೀಳಬಹುದು. ಬೀಡಿ ಸಿಗರೇಟು ಸೇದುವವರಿಗೂ ಇದೇ ಅಪಾಯ. ತೂಕ ಇಳಿದರೆ ಮೊಣಗಂಟಿನ ಭಾರ ಕಡಿಮೆಯಾಗಿ ಮಾತ್ರೆಯೇ ಬೇಡವಾಗಬಹುದು ಎಂಬುದು ನಿಜ. ಆದರೆ ಆ ಮಾತ್ರೆಯನ್ನು ಮೊದಲೇ ಬಿಡಬೇಕು. ಇನ್ನೊಂದು ವಿಷಯ: ಬೈಪಾಸಿನ ನಂತರ ಒಳಗುಳಿದ ದೊಡ್ಡ ಜಠರವನ್ನು ಸಾಮಾನ್ಯ ಎಂಡೋಸ್ಕೋಪಿಯಿಂದ ನೋಡಲಾಗುವುದಿಲ್ಲ. ಆದ್ದರಿಂದ ಅಲ್ಲಿ ಏನಾದರೂ ಇದ್ದರೆ ಮೊದಲೇ ನೋಡಿಕೊಳ್ಳಬೇಕು.

ಅಪಾಯದ ಬಗ್ಗೆಯೂ ಮರೆಮಾಚದೆ ಹೇಳಬೇಕು. ಅನುಭವಿಗಳ ಕೈಯಲ್ಲಿ ಸಾವಿನ ಪ್ರಮಾಣ ಸಾವಿರಕ್ಕೆ ಒಂದರಿಂದ ಮೂರರಷ್ಟು. ಹೊಲಿಗೆ ಸೋರುವುದು, ರಕ್ತಸ್ರಾವ, ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು ಮುಖ್ಯ ಅಪಾಯಗಳು. ನಂತರದ ತಿಂಗಳುಗಳಲ್ಲಿ ಕೂದಲು ಉದುರುವುದು, ಪಿತ್ತಕೋಶದಲ್ಲಿ ಕಲ್ಲಾಗುವುದು ಸಾಮಾನ್ಯ. ಬಿ-12, ಕಬ್ಬಿಣ, ಸುಣ್ಣದ ಅಂಶ, ಡಿ ಜೀವಸತ್ವ ಇವನ್ನು ಬದುಕಿರುವವರೆಗೂ ತೆಗೆದುಕೊಳ್ಳಬೇಕು. ಬೈಪಾಸಿನಲ್ಲಿ ಈ ನಿಯಮ ಇನ್ನೂ ಕಟ್ಟುನಿಟ್ಟು. ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ. ಮಾತ್ರೆ ತಪ್ಪಿಸುವವರು, ದೂರದ ಊರಿನಲ್ಲಿದ್ದು ಪರೀಕ್ಷೆಗೆ ಬರಲಾಗದವರು ಇದನ್ನು ಮೊದಲೇ ವೈದ್ಯರಿಗೆ ತಿಳಿಸುವುದು ಒಳ್ಳೆಯದು, ಏಕೆಂದರೆ ಆಯ್ಕೆ ಅದರ ಮೇಲೂ ನಿಂತಿರುತ್ತದೆ. ಮದುವೆಯಾದ ಯುವತಿಯರು ಶಸ್ತ್ರಚಿಕಿತ್ಸೆಯ ನಂತರ ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದೆಂದು ಹೇಳುತ್ತಾರೆ.

ಊಟದ ವಿಷಯಕ್ಕೆ ಬಂದಾಗ ತಾಯಿಯ ಮುಖ ಸ್ವಲ್ಪ ಅರಳಿತು. ಮೊದಲ ಎರಡು ವಾರ ದ್ರವಾಹಾರ: ತಿಳಿಸಾರು, ಮಜ್ಜಿಗೆ, ಬೇಳೆಯ ಕಟ್ಟು. ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು. "ಗಂಜಿ ಕುಡೀಬಹುದಲ್ಲ?" ಎಂದು ಕೇಳಿದರು. ಕುಡಿಯಬಹುದು, ಆದರೆ ಕುಚ್ಚಿಲಕ್ಕಿಯ ಗಂಜಿಯೊಂದರಿಂದ ಸಾಗುವುದಿಲ್ಲ. ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನು ಬೇಕು. ತಟ್ಟೆಯಲ್ಲಿ ಮೊದಲು ಮೀನು, ಮೊಟ್ಟೆ, ಹೆಸರುಕಾಳು, ಮೊಸರು. ಜಾಗ ಉಳಿದರೆ ಅನ್ನ. ಊಟದ ನಡುವೆ ನೀರು ಕುಡಿಯುವಂತಿಲ್ಲ. ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಬೈಪಾಸ್ ಆದವರು ಮೊದಲಿನಂತೆ ಒಂದು ಲೋಟ ಪಾಯಸ ಕುಡಿದರೆ ಸಕ್ಕರೆ ನೇರವಾಗಿ ಕರುಳಿಗೆ ಸುರಿದು ಎದೆ ಡವಗುಟ್ಟುತ್ತದೆ, ಬೆವರುತ್ತದೆ, ಹೊಟ್ಟೆ ನುಲಿಯುತ್ತದೆ. ಸ್ಲೀವ್‌ನಲ್ಲಿ ಇದು ಕಡಿಮೆ. ಇದನ್ನು ಕೆಲವರು ಬೈಪಾಸಿನ ದೋಷವೆನ್ನುತ್ತಾರೆ. ಸಿಹಿ ಬಿಡಲಾಗದವರಿಗೆ ಅದೇ ಕಾವಲುಗಾರನಾಗುತ್ತದೆ ಎನ್ನುವವರೂ ಇದ್ದಾರೆ.

ಔಷಧಿಗಳ ಮಾತೂ ಬಂತು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಟಿರ್ಜೆಪಟೈಡ್ ಮತ್ತು ತೂಕಕ್ಕೆಂದೇ ಒಪ್ಪಿಗೆ ಪಡೆದ ಸೆಮಾಗ್ಲುಟೈಡ್ 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಇವು ಮೇಲೆ ಹೇಳಿದ ಜಿ.ಎಲ್.ಪಿ.-1 ಮಾಡುವ ಕೆಲಸವನ್ನೇ ಹೊರಗಿನಿಂದ ಮಾಡುತ್ತವೆ. ನಿಲ್ಲಿಸಿದರೆ ತೂಕ ಮರಳುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲು ಇವುಗಳ ಬಗ್ಗೆ ಕೇಳುವುದರಲ್ಲಿ ತಪ್ಪಿಲ್ಲ. ಸಾಮಾಜಿಕ ಜಾಲತಾಣದ ಜಾಹೀರಾತು ನೋಡಿ ತರಿಸಿಕೊಳ್ಳುವುದು ಮಾತ್ರ ಬೇಡ. 18 ತುಂಬದ ಓದುಗರಿಗೆ ಒಂದು ಮಾತು: ಮೇಲಿನ ಸೂಚ್ಯಂಕದ ಗೆರೆಗಳು ಬೆಳೆದವರಿಗೆ ಹಾಕಿದವು. ಬೆಳೆಯುವ ಮಕ್ಕಳಿಗೆ ಬೇರೆಯೇ ಪಟ್ಟಿ ಇದೆ.

ಹೊರಡುವ ಹೊತ್ತಿಗೆ ಹುಡುಗಿ ವೈದ್ಯರಿಗೆ ಕೇಳಬೇಕಾದದ್ದನ್ನು ಭೌತಶಾಸ್ತ್ರದ ನೋಟ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದಳು. ಎದೆಯುರಿ ಐದಾರು ವರ್ಷದಿಂದ ಇದೆ, ಎಂಡೋಸ್ಕೋಪಿ ಬೇಕೇ? ನೋವಿನ ಮಾತ್ರೆಗೆ ಬದಲು ಏನು? ನೀವು ವರ್ಷಕ್ಕೆ ಎಷ್ಟು ಸ್ಲೀವ್, ಎಷ್ಟು ಬೈಪಾಸ್ ಮಾಡುತ್ತೀರಿ? ಮೂರನೆಯ ಪ್ರಶ್ನೆಗೆ ತಾಯಿ ಹೆದರಿ, "ಹಾಗೆಲ್ಲ ಕೇಳಿದ್ರೆ ಡಾಕ್ಟ್ರಿಗೆ ಕೋಪ ಬರುದಿಲ್ವಾ?" ಎಂದರು. ಒಳ್ಳೆಯ ವೈದ್ಯರಿಗೆ ಬರುವುದಿಲ್ಲ ಎಂದೆ. ಒಂದನ್ನೇ ಮಾಡಿ ಗೊತ್ತಿರುವವರು ಅದನ್ನೇ ಒಳ್ಳೆಯದೆನ್ನುವುದು ಸಹಜ. ಆದ್ದರಿಂದ ಕೇಳಲೇಬೇಕಾದ ಪ್ರಶ್ನೆ ಅದು.

ಮರುವಾರ ಅವಳು ಫೋನು ಮಾಡಿದಳು. ಎಂಡೋಸ್ಕೋಪಿಗೆ ಗುರುವಾರ ಬೆಳಿಗ್ಗೆ ಬರಹೇಳಿದ್ದಾರೆ, ಖಾಲಿ ಹೊಟ್ಟೆಯಲ್ಲಿ. ಹಿಂದಿನಿಂದ ತಾಯಿಯ ದನಿ ಕೇಳಿಸಿತು: "ಏನೂ ತಿನ್ನದಿದ್ರೆ ಅವತ್ತು ಇನ್ಸುಲಿನ್ ತೆಗೊಳ್ಳುದಾ ಬೇಡ್ವಾ, ಅದು ಕೇಳು." ಅದನ್ನು ನನ್ನನ್ನಲ್ಲ, ಆಸ್ಪತ್ರೆಗೇ ಫೋನು ಮಾಡಿ ಇವತ್ತೇ ಕೇಳು ಎಂದೆ. ಅವಳು ಅದನ್ನೂ ಬರೆದುಕೊಂಡಳು.